ಬೋಟಿಗೆ ಹೂಡಿದ ಜೋಡಿ

ಪಕ್ಕದ ಮನೆಯ ಮದುವೆಯ ದಿನ ನಮ್ಮ ಬೋಟು ಹಿನ್ನೀರಿನ ನಡುವೆ ಗರಗರ ತಿರುಗಿತಲ್ಲ, ಅದಕ್ಕೆ ಊರಲ್ಲಿ ಏನೇನೋ ಕಾರಣ ಹೇಳುತ್ತಾರೆ. ನೀರಿನಡಿ ಮುಳುಗಿದ ಹಳೆಯ ಗುಡಿಯ ಮೇಲೆ ಹಾದುಹೋಯಿತು, ಅದಕ್ಕೇ ತಿರುಗಿತು ಅಂತ ಕೆಲವರು. ಮದುಮಗನಿಗೆ ಯಾರದೋ ಕಣ್ಣು ತಾಗಿತ್ತು ಅಂತ ಕೆಲವರು. ಖರೆ ಸಂಗತಿ ಇಷ್ಟು: ಒಂದು ಇಂಜಿನ್ ಸಾಕಾಗುವಲ್ಲಿ ನಾವು ಎರಡು ಕಟ್ಟಿದೆವು. ಒಂದನ್ನು ನನ್ನ ಗಂಡ ಹಿಡಿದರು, ಇನ್ನೊಂದನ್ನು ನನ್ನ ಮಗ ಹಿಡಿದ. ಇದರಲ್ಲಿ ದೇವರನ್ನು ಎಳೆಯಬೇಡಿ. ದೇವರಿಗೆ ಬೇರೆ ಕೆಲಸ ಇರುತ್ತದೆ.

ಹೆಂಗಸರಿಗೆ ಮನೆ ಬಿಟ್ಟು ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ ಅಂತ ಓದಿದವರು ಬರೆಯುತ್ತಾರಂತೆ. ನನಗೆ ಹಾಗೆ ಎಂದೂ ಅನ್ನಿಸಿಲ್ಲ. ಗಂಡಸರು ಮನೆ ಬಿಟ್ಟು ಹೋಗಬೇಕು, ಹೊತ್ತು ಮುಳುಗುವ ಹೊತ್ತಿಗೆ ವಾಪಸು ಬರಬೇಕು, ಇಷ್ಟೇ ನಾನು ಬೀರಪ್ಪನಿಗೆ ಬೇಡಿಕೊಂಡದ್ದು. ನಮ್ಮವರು ಹೊಲ ಇರುವ ತನಕ ಹಾಗೇ ಇದ್ದರು. ಕೋಳಿ ಕೂಗುವ ಹೊತ್ತಿಗೆ ಎತ್ತು ಹೊಡೆದುಕೊಂಡು ಹೋದರೆ, ಬುತ್ತಿ ನಾನು ಒಯ್ದು ಕೊಡಬೇಕು, ಸಂಜೆಗೇ ಅವರು ಮುಖ ತೋರಿಸಬೇಕು. ಆಮೇಲೆ ಆಣೆಕಟ್ಟು ಕಟ್ಟಿದರು, ನೀರು ಹಿಂದಕ್ಕೆ ಒತ್ತಿ ಬಂತು, ಹೊಲ ಮುಳುಗಿತು, ಹಳೆಯ ಊರು ಮುಳುಗಿತು, ನಮ್ಮನ್ನು ಎತ್ತರದ ಮೇಲೆ ಹೊಸ ಊರಿಗೆ ಹಾಕಿದರು. ಊರು ಮುಳುಗಿದ್ದಕ್ಕೆ ಎಲ್ಲರೂ ಅತ್ತರು. ನಾನೂ ಅತ್ತೆ. ಆದರೆ ಹೊಲ ಮುಳುಗಿದರೆ ಗಂಡ ಮನೆಯಲ್ಲಿ ಕೂರುತ್ತಾನೆ ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಜೋರಾಗಿ ಅಳುತ್ತಿದ್ದೆ.

ಎತ್ತು ಮಾರಿ ಬಂದ ಮರುದಿನದಿಂದಲೇ ನಮ್ಮವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ರೊಟ್ಟಿ ಬಡಿಯುವ ಸಪ್ಪಳ ಭಾಳ ಆಯಿತು ಅಂದರು. ನೀರಿನ ಕೊಡಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟರು. ನಾನು ಸಾರಿಗೆ ಉಪ್ಪು ಹಾಕಿ ಈ ಕಡೆ ತಿರುಗುವುದರೊಳಗೆ, ಹಾಕಿದೆನೋ ಇಲ್ಲವೋ ಅಂತ ಅವರೊಮ್ಮೆ ಹಾಕಿಬಿಡುತ್ತಿದ್ದರು. ಸೊಸೆ ಶಾಂತಾ ಮಜ್ಜಿಗೆ ಕಡೆಯುವಾಗ ಎದುರಿಗೆ ಕೂತು, “ಎಡಗೈ ಎಳೀವಾಗ ಬಲಗೈ ಬಿಡಬೇಕವ್ವಾ” ಅಂತ ಹೇಳಿಕೊಡುತ್ತಿದ್ದರು. ಹುಟ್ಟಿದಾಗಿನಿಂದ ಮಜ್ಜಿಗೆ ಕಡೆದವಳಿಗೆ! ಅವಳು ಒಳ್ಳೆಯ ಹುಡುಗಿ, ಎದುರುತ್ತರ ಕೊಡುವವಳಲ್ಲ. ಕಡೆಗೋಲನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಅದನ್ನು ನೋಡಿ ನನಗೆ ದಿಗಿಲಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಬೋಟು ಸಿಕ್ಕಿತು. ಯಾರೋ ಗುತ್ತಿಗೆದಾರ ನೀರಿನಲ್ಲಿ ಕೆಲಸಕ್ಕೆ ಅಂತ ಮಾಡಿಸಿ, ಕೆಲಸ ಮುಗಿದ ಮೇಲೆ ದಂಡೆಗೆ ಬಿಟ್ಟುಹೋಗುವವನಿದ್ದ. ನಮ್ಮ ಮಗ ಹನಮಂತ ಮಾತಾಡಿ ತೆಗೆದುಕೊಂಡ. ಬೋಟು ಅಂದರೆ ಮುಂದೆ ಚೂಪಾಗಿ, ಹೊಟ್ಟೆ ಉಬ್ಬಿದ್ದು, ಚಿತ್ರದಲ್ಲಿ ಬರೆಯುತ್ತಾರಲ್ಲ, ಅಂಥದ್ದಲ್ಲ ಇದು. ಎರಡು ಉದ್ದನೆಯ ದಪ್ಪ ಕಬ್ಬಿಣದ ಕೊಳವೆ, ಎರಡೂ ತುದಿ ಮುಚ್ಚಿದವು. ಅವುಗಳ ಮೇಲೆ ಹಲಗೆ ಹಾಸಿ, ಸುತ್ತ ಹಿಡಿದುಕೊಳ್ಳಲು ಕಟಾಂಜನ ಮಾಡಿ, ಕಂಬ ನಿಲ್ಲಿಸಿ, ಮೇಲೆ ತಗಡು ಹೊದಿಸಿದ್ದು. ದೂರದಿಂದ ನೋಡಿದರೆ ಯಾರದೋ ದನದ ಶೆಡ್ಡು ಮಹಾಪೂರಕ್ಕೆ ತೇಲಿ ಬಂದಂತೆ ಕಾಣುತ್ತದೆ. ಆದರೆ ಗಟ್ಟಿ ವಸ್ತು. ಮುಳುಗುವುದಿಲ್ಲ, ಅಲ್ಲಾಡುವುದಿಲ್ಲ. ಹಾಲಿನ ಕ್ಯಾನು, ಬದನೆಕಾಯಿ ಬುಟ್ಟಿ, ಪಾಟಿಚೀಲ ಹಿಡಿದು ಸಾಲಿಗೆ ಹೋಗುವ ಮಕ್ಕಳು, ಗುಳೇದಗುಡ್ಡದಿಂದ ಕುಪ್ಪಸದ ಖಣ ಮಾರಲು ಬರುವ ಗಂಟಿನವನು, ಒಮ್ಮೊಮ್ಮೆ ಆಡು, ಎಲ್ಲ ಹತ್ತುತ್ತಿದ್ದವು. ರಸ್ತೆ ಹಿಡಿದು ಸುತ್ತು ಹಾಕಿ ಬಾಗಲಕೋಟೆಗೆ ಹೋಗುವಷ್ಟರಲ್ಲಿ ಬೋಟಿನವರು ಸಂತೆ ಮುಗಿಸಿ ಚಹಾ ಕುಡಿಯುತ್ತಿದ್ದರು. ಅಪ್ಪ ಮುಂದೆ ನಿಂತು ಹಗ್ಗ ಎಸೆಯುವುದು, ಮಗ ಹಿಂದೆ ಇಂಜಿನ್ ಹಿಡಿಯುವುದು. ನಮ್ಮ ಮನೆಯಲ್ಲಿ ಸಾರಿಗೆ ಒಂದೇ ಸಲ ಉಪ್ಪು ಬೀಳತೊಡಗಿತು. ನಾನು ಬೋಟಿಗೆ ದಿನಾ ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ಜನ ನನ್ನ ಭಕ್ತಿ ನೋಡಿ ತಲೆದೂಗುತ್ತಿದ್ದರು.

ಹೀಗಿರುವಾಗ ಬೋಟಿನ ಇಂಜಿನ್ ಸತ್ತುಹೋಯಿತು. ಅದು ಬೋಟಿನ ಜೊತೆಗೇ ಬಂದದ್ದು, ಮುದಿಯಾಗಿತ್ತು. ಹಾಲಿನ ಕ್ಯಾನು ತುಂಬಿಕೊಂಡು ಹೊರಟಾಗ ನಡುನೀರಿನಲ್ಲಿ ಒಂದು ಸಲ ಕೆಮ್ಮಿತು, ಬೆಳ್ಳಗೆ ಹೊಗೆ ಬಿಟ್ಟಿತು, ಮುಗಿಯಿತು. ಹನಮಂತ ಹಲಗೆ ಕಿತ್ತು ಹುಟ್ಟು ಹಾಕಿ ದಂಡೆ ಮುಟ್ಟಿಸುವಷ್ಟರಲ್ಲಿ ಹಾಲು ಒಡೆದಿತ್ತು. ಬಾಗಲಕೋಟೆಯಲ್ಲಿ ಪಂಪಸೆಟ್ಟು ರಿಪೇರಿ ಮಾಡುವ ರಸೂಲ್ ಮಿಸ್ತ್ರಿ ಬಂದು ಬಿಚ್ಚಿ ನೋಡಿ, “ಇದಕ್ಕ ಮಣ್ಣು ಕೊಡ್ರಿ, ಹೊಸಾದು ನೋಡ್ರಿ” ಅಂದ. ಬೋಟು ದಂಡೆಗೆ ಕಟ್ಟಿ ಬಿತ್ತು. ಜನ ಟಂಟಂ ರಿಕ್ಷಾ ಹತ್ತಿ ಸುತ್ತು ಹಾಕಿ ಹೋಗತೊಡಗಿದರು. ನಮ್ಮವರು ಮತ್ತೆ ಹೊಸ್ತಿಲ ಮೇಲೆ ಬಂದು ಕೂತು, “ಏ ಗಂಗವ್ವಾ, ಈ ಒಲಿ ಮುಖ ಮೂಡಲಕ್ಕ ತಿರುಗಿಸಿದ್ರ ಹೊಗಿ ಕಡಿಮಿ ಆಕ್ಕೈತಿ ನೋಡು” ಅಂದರು.

ಅವತ್ತೇ ನಾನು ಹನಮಂತನಿಗೆ ಹೇಳಿದೆ: “ಇಂಜಿನ್ ಎಂಥಾದರ ಇರ್ಲಿ, ಲಗೂನ ತಾ. ಈ ಅಮಾಸಿ ಒಳಗ ಬೋಟು ನಡೀಬೇಕು, ಇಲ್ಲಂದ್ರ ನಾ ಈ ಮನ್ಯಾಗ ಇರೂದಿಲ್ಲ.”

“ನೀ ಎಲ್ಲಿ ಹೊಕ್ಕೀಯವ್ವಾ?” ಅಂದ ಮಗ.

“ಅದನ್ನ ಆವಾಗ ನೋಡೋಣು. ಮೊದಲ ಇಂಜಿನ್ ತಾ.”

ರಸೂಲನ ಹತ್ತಿರ ಎರಡು ಇಂಜಿನ್ ಇದ್ದವು. ಒಂದು ಹಳೆಯದು, ಗೋವಾದ ಕಡೆಯ ಮೀನಿನವರದು, ಬೂದಿ ಬಣ್ಣದ್ದು, ಸೀಮೆ ಎಣ್ಣೆಯ ಮೇಲೆ ಓಡುವಂಥದ್ದು. ಇನ್ನೊಂದು ಹೊಸದರಂತೆ ಇದ್ದದ್ದು, ಕೆಂಪಗೆ ಹೊಳೆಯುತ್ತಿದ್ದದ್ದು, ಪೆಟ್ರೋಲು ಕುಡಿಯುವಂಥದ್ದು. ನೋಡಲು ನಾವು ಮೂವರೂ ಹೋದೆವು. ನಾನು ಯಾಕೆ ಹೋದೆ ಅಂದರೆ, ಅಪ್ಪ ಮಗ ಇಬ್ಬರೇ ಹೋದರೆ ಖಾಲಿ ಕೈಯಲ್ಲಿ ಬರುತ್ತಾರೆ ಅಂತ ನನಗೆ ಗೊತ್ತಿತ್ತು.

ನಮ್ಮವರಿಗೆ ಇಂಜಿನ್ ಕೊಳ್ಳುವುದು ಗೊತ್ತಿಲ್ಲ. ಎತ್ತು ಕೊಳ್ಳುವುದು ಗೊತ್ತು. ಸುತ್ತ ಹತ್ತೂರಿನವರು ಎತ್ತಿನ ಸಂತೆಗೆ ಹೋಗುವಾಗ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರ ಅಪ್ಪನೂ ಹಾಗೇ. ನನ್ನನ್ನು ನೋಡಲು ನಮ್ಮ ತವರಿಗೆ ಬಂದಾಗ ನಮ್ಮ ಮಾವ ಮೊದಲು ನನ್ನ ತಲೆಯ ಸುಳಿ ನೋಡಿಸಿದ, ಆಮೇಲೆ ತುಂಬಿದ ಕೊಡ ಹೊರಿಸಿ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಸಿದ. ಹಲ್ಲು ಎಣಿಸುವುದೊಂದು ಬಾಕಿ. “ನಡಿಗಿ ಚಲೋ ಐತಿ” ಅಂದವನೇ ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಹೀಗೆ ಆರಿಸಿ ತಂದ ಮಾಲು ನಾನು. ಆ ಪದ್ಧತಿಯನ್ನು ತಪ್ಪು ಅಂತ ಹೇಗೆ ಹೇಳಲಿ?

ನಮ್ಮವರು ಬೂದಿ ಬಣ್ಣದ ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿದರು. ಮೈ ಮೇಲೆ ಅಂಗೈಯಿಂದ ಬಡಿದರು. ಬಗ್ಗಿ, ಕೆಳಗಿರುವ ಪಂಖದ ಎಲೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದರು.

“ಇದನ್ನ ಹಿಂದಿನ ಮಾಲಕ ಯಾಕ ಮಾರಿದಾ?” ಅಂತ ಕೇಳಿದರು.

“ಅಂವಾ ಸತ್ತನ್ರಿ ಯಜಮಾನ್ರ” ಅಂದ ರಸೂಲ.

“ಇದರಿಂದನ?”

“ಛೇ ಛೇ, ಸಕ್ಕರಿ ಬ್ಯಾನಿ ಇತ್ರಿ ಅವಗ.”

“ಹಂಗಾದ್ರ ಇದರ ತಪ್ಪಿಲ್ಲ” ಅಂದು ನಮ್ಮವರು ಸಮಾಧಾನ ಮಾಡಿಕೊಂಡರು. ಆಮೇಲೆ, “ಇದಕ್ಕ ಎಷ್ಟು ಬಲಾ ಐತಿ?” ಅಂದರು.

“ಇದು ಎಂಟು ಕುದುರಿದ್ರಿ. ಆ ಕೆಂಪಂದು ಹದಿನೈದು ಕುದುರಿದು.”

“ನಮ್ಮ ಮನಿತನದಾಗ ಕುದುರಿ ಯಾರೂ ಕಟ್ಟಿಲ್ಲೋ ರಸೂಲಾ. ಎತ್ತಿನ ಲೆಕ್ಕದಾಗ ಹೇಳು.”

ರಸೂಲ ಮೋಡ ನೋಡಿದ, ಗಡ್ಡ ತುರಿಸಿಕೊಂಡ. “ಅದು ಎಂತಾ ಎತ್ತು ಅನ್ನೂದರ ಮ್ಯಾಲ ಹೊಕ್ಕೈತ್ರಿ” ಅಂದ.

ನಮ್ಮವರು ನನ್ನ ಕಡೆ ತಿರುಗಿ, “ನೋಡು, ಇವಗ ತಿಳೀತೈತಿ” ಅಂದರು.

ಆಮೇಲೆ ರಸೂಲ ನೀರು ತುಂಬಿದ ಪೀಪಾಯಿಯಲ್ಲಿ ಇಂಜಿನ್ ಇಳಿಸಿ ಚಾಲೂ ಮಾಡಿ ತೋರಿಸಿದ. ಬೂದಿ ಬಣ್ಣದ್ದು ಹಗ್ಗ ಎಳೆದೂ ಎಳೆದೂ ರಸೂಲನ ಬೆವರು ಇಳಿದ ಮೇಲೆ ಎದ್ದಿತು. ಎದ್ದ ಮೇಲೆ ಡುಗುಡುಗು ಅಂತ ಒಂದೇ ಸಮ ನಡೆಯಿತು. ಸಪ್ಪಳ ಎಷ್ಟಿತ್ತೆಂದರೆ ಮಾತು ಕೇಳಿಸುವಂತಿರಲಿಲ್ಲ. ನಮ್ಮವರು ಕಣ್ಣು ಮುಚ್ಚಿ ತಲೆ ಆಡಿಸಿದರು. ಕೆಂಪು ಇಂಜಿನ್ ಮೊದಲ ಎಳೆತಕ್ಕೇ ಸಂಯ್ಯ್ ಅಂತ ಎದ್ದು, ಪೀಪಾಯಿಯ ಅರ್ಧ ನೀರನ್ನು ನಮ್ಮವರ ಧೋತರದ ಮೇಲೆ ಚೆಲ್ಲಿತು.

“ಇದು ಹಾಯೂ ಜಾತಿ” ಅಂದರು ನಮ್ಮವರು, ಹಿಂದೆ ಸರಿದು. “ಇಂಥಾದನ್ನ ಮನಿಗೆ ತರಬಾರ್ದು.”

“ಅಪ್ಪಾ, ಅದು ಇಂಜಿನ್ ಐತಿ, ಹಾಯಾಕ ಕೋಡು ಎಲ್ಲಿ ಅದಾವ?” ಅಂದ ಹನಮಂತ. “ಇಬ್ಬರ ಕೆಲಸ ಒಂದ ಮಾಡ್ತೈತಿ. ಆ ಮುದುಕನ್ನ ಕಟಗೊಂಡು ಏನ ಮಾಡೂದು?”

‘ಮುದುಕ’ ಅಂದದ್ದು ಇಂಜಿನ್ನಿಗೆ. ಆದರೆ ಅಲ್ಲಿ ಇನ್ನೊಬ್ಬ ಮುದುಕನೂ ನಿಂತಿದ್ದನಲ್ಲ. ಅವತ್ತು ಖಾಲಿ ಕೈಯಲ್ಲೇ ಬಂದೆವು.

ಮನೆಗೆ ಬಂದ ಮೇಲೆ ಅಪ್ಪ ಮಗನ ಮಾತು ನಿಂತಿತು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಊಟ ಮಾಡುತ್ತ, “ನಿನ್ನ ಮಗಗ ಹೇಳು, ಬೆಂಕಿ ಪೆಟ್ಟಿಗಿ ಇಲ್ಲೆ ಕೊಡಂತ” ಅಂತ ಇವರು, “ಅಪ್ಪಗ ಹೇಳವ್ವಾ, ಅವನ ತೊಡಿ ಕೆಳಗ ಐತಿ ಅಂತ” ಅಂತ ಅವನು. ನಾನು ನಡುವೆ ಟಪಾಲಿನವಳಾದೆ. ಅತ್ತ ಪಕ್ಕದ ಮನೆಯ ಮಲ್ಲಪ್ಪ ದಿನಾ ಬಂದು ಕೇಳತೊಡಗಿದ. ಅವನ ಮಗಳನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಡುವುದು ಅಂತ ಮದುವೆ ಗೊತ್ತಾಗಿತ್ತು. ಬೀಗರು ಇಳಕಲ್ಲಿನಿಂದ ಹುನಗುಂದದ ಮೇಲೆ ಗಾಡಿ ಮಾಡಿಕೊಂಡು ಬಾಗಲಕೋಟೆಯ ದಂಡೆ ತನಕ ಬರುವುದು, ಅಲ್ಲಿಂದ ನಮ್ಮ ಬೋಟು ಅವರನ್ನು ಊರಿಗೆ ತರುವುದು ಅಂತ ಮಾತಾಗಿತ್ತು. ಹಾಗೆ ಅವನೇ ಬೀಗರ ಮುಂದೆ ಜಂಬ ಕೊಚ್ಚಿಕೊಂಡಿದ್ದ.

“ಗಂಗವ್ವಾ, ಬೋಟು ಖಾತ್ರಿ ಐತೇನು? ಇಲ್ಲಂದ್ರ ಹೇಳಿಬಿಡು, ಟಂಟಂ ಹೇಳತೇನಿ” ಅಂದ. “ಮದಿವಿಗೇ ಬರ್ಲಿಲ್ಲ ಅಂದ ಮ್ಯಾಲ ಆ ಬೋಟಿನ್ಯಾಗ ಮುಂದ ಯಾರು ಹತ್ತತಾರ?”

ಅವನು ಅಂದದ್ದು ಸರಿ. ಮದುವೆ ತಪ್ಪಿದರೆ ಬೋಟು ಹೋಯಿತು. ಬೋಟು ಹೋದರೆ ನಮ್ಮವರು ಸಾಯುವ ತನಕ ನನ್ನ ಅಡುಗೆಮನೆಯಲ್ಲಿ.

ಕಡೆಗೆ ನಮ್ಮವರೇ ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತ, “ಎರಡೂ ತರೋಣು” ಅಂದರು.

ಅವರ ವಿಚಾರ ಹೀಗಿತ್ತು. ಬೋಟಿಗೆ ಕೊಳವೆ ಎರಡು. ಇಷ್ಟು ದಿನ ನಡುವೆ ಒಂದೇ ಇಂಜಿನ್ ಕಟ್ಟಿ ಎಳೆಸಿದ್ದೇ ತಪ್ಪು. ಒಂಟಿ ಎತ್ತಿನಿಂದ ಜೋಡೆತ್ತಿನ ಬಂಡಿ ಎಳೆಸಿದರೆ ಅದು ಸಾಯದೆ ಇನ್ನೇನಾಗುತ್ತದೆ? ಎಡಗಡೆಯ ಕೊಳವೆಗೆ ಸಾಧು ಇಂಜಿನ್, ಬಲಗಡೆಯ ಕೊಳವೆಗೆ ಕಿಡಿಗೇಡಿ ಇಂಜಿನ್. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಹೂಡಿದರೆ ಅದೂ ಪಳಗುತ್ತದೆ. ಇದು ಅವರ ಅಜ್ಜನ ಕಾಲದಿಂದ ಬಂದ ಪದ್ಧತಿ. ರಸೂಲನೂ, “ಭಾಳ ಚಲೋ ವಿಚಾರ್ರಿ, ಒಂದು ಕೆಟ್ರೂ ಇನ್ನೊಂದು ಇರತೈತಿ” ಅಂದ. ಮಾರುವವನು ಎರಡು ಬೇಡ ಅನ್ನುತ್ತಾನೆಯೆ? ಹನಮಂತನಿಗೆ ತನ್ನ ಕೆಂಪು ಇಂಜಿನ್ ಸಿಕ್ಕಿತಲ್ಲ, ಅವನೂ ಸುಮ್ಮನಾದ. ರೊಕ್ಕದ ಮಾತು ಗಂಡಸರು ಆಡಿಕೊಂಡರು.

ನಾನು ಈ ವಿಚಾರಕ್ಕೆ ಎಲ್ಲರಿಗಿಂತ ಜೋರಾಗಿ ಹೂಂ ಅಂದೆ. ಎತ್ತಿನ ಪದ್ಧತಿ ನೋಡಿ ಅಲ್ಲ. ನನ್ನ ಲೆಕ್ಕ ಬೇರೆ: ಇಂಜಿನ್ ಎರಡಾದರೆ ಹಿಡಿಯಲು ಇಬ್ಬರು ಬೇಕೇ ಬೇಕು. ಹಗ್ಗ ಎಸೆಯುವ ಕೆಲಸಕ್ಕಾದರೆ ಇವತ್ತು ಸೊಂಟ ನೋವು ಅಂತ ಮನೆಯಲ್ಲಿ ಉಳಿಯಬಹುದು. ಇಂಜಿನ್ ಹಿಡಿದವನಿಗೆ ಹಾಗೆ ಉಳಿಯಲು ಬರುವುದಿಲ್ಲ. ಶಾಂತಾಳಿಗೂ ಇದು ಕೂಡಲೇ ತಿಳಿಯಿತು ಅಂತ ಕಾಣುತ್ತದೆ. ಅವತ್ತು ಯಾವ ಹಬ್ಬವೂ ಇರಲಿಲ್ಲ. ಅವಳು ಯಾರೂ ಹೇಳದೆ ಹೋಳಿಗೆ ಮಾಡಿದಳು.

ಇಂಜಿನ್ನುಗಳು ಬಂದವು. ಒಂದೊಂದು ಕೊಳವೆಯ ಹಿಂದೆ ದಪ್ಪ ಹಲಗೆ ಕೂರಿಸಿ, ತಿರುಪು ಬಿಗಿದು ಕಟ್ಟಿದರು. ಒಂದೊಂದನ್ನೇ ದಂಡೆಯಲ್ಲಿ ಹಗ್ಗ ಕಟ್ಟಿದ ಹಾಗೇ ಚಾಲೂ ಮಾಡಿ ನೋಡಿದರು. ಎರಡನ್ನೂ ಕೂಡಿಸಿ ಒಮ್ಮೆ ನೀರಿನಲ್ಲಿ ಓಡಿಸಿ ನೋಡೋಣ ಅಂತ ಹನಮಂತ ಅಂದ. ನಮ್ಮವರು ಕೇಳಲಿಲ್ಲ. ಹೊಸ ಜೋಡಿಯನ್ನು ಮೊದಲ ಸಲ ಸುಮ್ಮಸುಮ್ಮನೆ ಹೂಡುವಂತಿಲ್ಲ, ಶುಭಕಾರ್ಯಕ್ಕೇ ಹೂಡಬೇಕು, ಮುಂದೆ ಮದುವೆಯೇ ಇದೆಯಲ್ಲ, ಅದಕ್ಕಿಂತ ಶುಭಕಾರ್ಯ ಯಾವುದು ಅಂದರು. ಎರಡೂ ಇಂಜಿನ್ನಿಗೆ ಬೀರಪ್ಪನ ಗುಡಿಯ ಅರಿಶಿನದ ಭಂಡಾರ ಹಚ್ಚಿದರು. ಕೆಂಪು ಇಂಜಿನ್ನಿಗೆ ದೃಷ್ಟಿ ಆಗಬಾರದು ಅಂತ ಕಪ್ಪು ದಾರವನ್ನೂ ಕಟ್ಟಿದರು. ಹಾಯುವ ಜಾತಿ ಅಂದವರೇ ಕಟ್ಟಿದರು.

ಮದುವೆಯ ದಿನ ಬೀಗರನ್ನು ಎದುರುಗೊಳ್ಳಲು ಹೆಂಗಸರ ಕಡೆಯಿಂದ ನನ್ನನ್ನೂ ಕಳಿಸಿದ್ದರು. ಹೋಗುವಾಗ ಬೋಟು ಖಾಲಿ ಇತ್ತು, ಇಬ್ಬರೂ ಇಂಜಿನ್ನನ್ನು ಸಣ್ಣಗೆ ಬಿಟ್ಟುಕೊಂಡು ನಡೆಸಿದ್ದರಿಂದ ತುಸು ಸೊಟ್ಟಸೊಟ್ಟಗೆ ಆದರೂ ದಂಡೆ ಮುಟ್ಟಿದೆವು. ಹೊಸ ಜೋಡಿ ಮೊದಲು ಹಾಗೇ ನಡೆಯುತ್ತದೆ ಅಂದರು ನಮ್ಮವರು. ಆ ದಂಡೆಯಲ್ಲಿ ಬೀಗರು ಟ್ರಂಕು, ಗಂಟು, ಬಾಜಾ ಬಜಂತ್ರಿ ಸಮೇತ ನಿಂತಿದ್ದರು. ಹೆಂಗಸರೆಲ್ಲ ಟೋಪ ತೆನೆ ಸೆರಗಿನ ಇಳಕಲ್ ಸೀರೆ ಉಟ್ಟಿದ್ದರು. ಬಾಸಿಂಗ ಕಟ್ಟಿದ ಮದುಮಗನನ್ನು ನಡುವೆ ಕುರ್ಚಿಯ ಮೇಲೆ ಕೂರಿಸಿದರು. ಅವನ ಅಜ್ಜಿ, ನನ್ನ ವಾರಿಗೆಯ ಹೆಂಗಸು, ಬೋಟಿನ ಮೇಲೆ ಒಂದು ಕಾಲು ಇಟ್ಟು ನನ್ನ ರಟ್ಟೆ ಹಿಡಿದುಕೊಂಡಳು.

“ಯವ್ವಾ, ನಮ್ಮೂರಾಗ ನೀರು ಅಂದ್ರ ಕೊಡದಾಗಿಂದು. ಇದು ಮುಳುಗೂದಿಲ್ಲಲ್ಲ?” ಅಂದಳು.

“ಮುಳುಗಿದ್ರ ನಿನ್ನ ಜೋಡಿ ನಾನೂ ಮುಳುಗತೇನಿ. ಸುಮ್ಮ ಕುಂದ್ರು ಬಾ” ಅಂದೆ. ಅವಳಿಗೆ ಯಾಕೋ ಧೈರ್ಯ ಬರಲಿಲ್ಲ.

ಜನ ತುಂಬಿದ ಬೋಟು, ಎದುರುಗಾಳಿ. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರ ಬಂದಿತ್ತು. ನಡುನೀರು ಬರುತ್ತಲೇ ಹನಮಂತ ಕೆಂಪು ಇಂಜಿನ್ನಿನ ಕಿವಿ ತಿರುವಿದ. ಅದು ಜಗ್ಗಿದ ಜಗ್ಗುವಿಕೆಗೆ ಬಲಗಡೆಯ ಕೊಳವೆ ಮುಂದೆ ಓಡಿತು, ಎಡಗಡೆಯದು ಹಿಂದೆ ಉಳಿಯಿತು, ಬೋಟು ನಮ್ಮವರ ಕಡೆ ಹೊರಳಿತು. ನಮ್ಮವರಿಗೆ ಅದು ಅವಮಾನವಾಗಿ ಕಂಡಿತು. ತಮ್ಮ ಎತ್ತು ಹಿಂದೆ ಬಿತ್ತು ಅಂತ ತಿಳಿದು ತಾವೂ ಪೂರ್ತಿ ತಿರುವಿ, ಹಿಡಿಕೆಯನ್ನು ಒಂದು ಕಡೆ ದೂಡಿದರು. ಇವರು ದೂಡಿದ್ದನ್ನು ನೋಡಿ ಹನಮಂತ ತನ್ನದನ್ನು ಇನ್ನೊಂದು ಕಡೆ ದೂಡಿದ. ಬೋಟು ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು. ನಮ್ಮೂರಿನ ದಂಡೆ ಎದುರಿಗೆ ಬಂತು, ಹೋಯಿತು, ಬಾಗಲಕೋಟೆ ಬಂತು, ಹೋಯಿತು. ದಂಡೆಯ ಮೇಲೆ ಮಲ್ಲಪ್ಪನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಒಂದೊಂದು ಸುತ್ತಿಗೂ ಅವರು ನಮಗೆ ಕಾಣಿಸಿ ಮಾಯವಾಗುತ್ತಿದ್ದರು. ಇದು ಇಳಕಲ್ಲಿನ ಕಡೆಯ ಪದ್ಧತಿ ಇರಬೇಕು ಅಂದುಕೊಂಡು ಅವರು ಆರತಿಯನ್ನೂ ಸುತ್ತತೊಡಗಿದರಂತೆ.

“ಅಪ್ಪಾ, ನಿಂದು ಸಣ್ಣ ಮಾಡು!” ಅಂತ ಹನಮಂತ ಕೂಗಿದ.

“ನಿಂದಽ ಸಣ್ಣ ಮಾಡೋ! ಹೋರಿ ಬಿಟ್ಟಂಗ ಬಿಟ್ಟೀದಿ!” ಅಂತ ಇವರು ಕೂಗಿದರು. ಬೂದಿ ಇಂಜಿನ್ನಿನ ಡುಗುಡುಗು ಸಪ್ಪಳದಲ್ಲಿ ಅವನದು ಇವರಿಗೆ ಕೇಳಲಿಲ್ಲ, ಇವರದು ಅವನಿಗೆ ಕೇಳಲಿಲ್ಲ. ನಡುವೆ ಕೂತ ನಮಗೆ ಎರಡೂ ಕೇಳಿಸಿತು.

ಬೀಗರ ಪೈಕಿ ಒಬ್ಬ ದಪ್ಪ ಮೀಸೆಯವನು ಕಟಾಂಜನ ಗಟ್ಟಿಯಾಗಿ ಹಿಡಿದುಕೊಂಡು, “ಏನ್ರಿ ಕಾಕಾ, ನಡು ನೀರಾಗ ಹಂತಿ ಹೊಡ್ಯಾಕತ್ತೀರಿ? ರಾಶಿ ಎಲ್ಲಿ ಐತ್ರಿ?” ಅಂದ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುತ್ತೇವಲ್ಲ, ಅದೇ ಹಂತಿ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೇಟಿಯ ಜಾಗದಲ್ಲಿ ಮದುಮಗ ಕೂತಿದ್ದ, ಮುಖ ಬೆಳ್ಳಗಾಗಿತ್ತು. ಸನಾದಿ ಊದುವವನು ಊದುವುದನ್ನು ಬಿಟ್ಟು ಬಗ್ಗಿ ನೀರಿಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಅಜ್ಜಿ ನನ್ನ ರಟ್ಟೆ ಬಿಟ್ಟು ಸೊಂಟ ಹಿಡಿದಿದ್ದಳು. “ಸಪ್ತಪದಿ ಇಲ್ಲೇ ಮುಗಿಸಿಬಿಟ್ರೇನ ಯವ್ವಾ” ಅಂತ ಅಳುವ ದನಿಯಲ್ಲಿ ಅಂದಳು.

ನಾನು ಎದ್ದೆ. ಕಂಬ ಕಂಬ ಹಿಡಿದುಕೊಂಡು ಹಿಂದೆ ಹೋದೆ. ಒಂದನ್ನು ನಿಲ್ಲಿಸಬೇಕು, ಅದು ನನಗೆ ತಿಳಿದಿತ್ತು. ಕೂಡದ ಜೋಡಿಯಲ್ಲಿ ಒಂದನ್ನು ಬಿಚ್ಚದೆ ಉಳಿದದ್ದು ನೆಟ್ಟಗೆ ನಡೆಯುವುದಿಲ್ಲ. ಯಾವುದನ್ನು ಬಿಚ್ಚುವುದು ಅನ್ನುವುದೇ ಮಾತು. ಯಾವ ಇಂಜಿನ್ ನಿಂತರೆ ಅದನ್ನು ಹಿಡಿದವನು ನಾಳೆಯಿಂದ ಮನೆಯಲ್ಲಿ ಕೂರುತ್ತಾನೆ. ಹನಮಂತ ಮನೆಯಲ್ಲಿದ್ದರೆ ಮೂಲೆಯಲ್ಲಿ ಕಂಬಳಿ ಹಾಸಿ ಮಲಗಿಬಿಡುವ ಜೀವ, ಅವನಿಂದ ಯಾರಿಗೂ ತ್ರಾಸಿಲ್ಲ. ಹೀಗೆ ವಿಚಾರ ಮಾಡಲು ಅರ್ಧ ಸುತ್ತು ಹಿಡಿಯಿತು ಅಷ್ಟೇ. ನಾನು ಹನಮಂತನ ಹತ್ತಿರ ಹೋಗಿ, “ನಿಂದು ಬಂದ್ ಮಾಡು” ಅಂದೆ.

“ನಂದಽ ಯಾಕವ್ವಾ? ನಂದು ಜಗ್ಗತೈತಿ!”

“ಬಂದ್ ಮಾಡಂದ್ರ ಮಾಡು.”

ಮಾಡಿದ. ಬೋಟು ತಿರುಗುವುದು ನಿಂತಿತು. ನಮ್ಮವರು ಗೆದ್ದವರಂತೆ ಎದೆ ಉಬ್ಬಿಸಿ ಹಿಡಿಕೆ ಹಿಡಿದರು. ಬೂದಿ ಇಂಜಿನ್ ಡುಗುಡುಗು ಅಂದಿತು, ಡುಗುಡುಗು ಅಂದಿತು, ಬೋಟು ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತು ನೋಡಿದರೆ ಇದ್ದಲ್ಲಿಯೂ ಇರಲಿಲ್ಲ. ಗಾಳಿ ನಮ್ಮನ್ನು ಮೆಲ್ಲಗೆ ಬಂದ ದಾರಿಗೇ ತಳ್ಳುತ್ತಿತ್ತು. ಅಷ್ಟು ಜನ, ಅಷ್ಟು ಟ್ರಂಕು, ಎಳೆಯುವ ಬಲ ಅದಕ್ಕಿರಲಿಲ್ಲ. ದಂಡೆಯ ಮೇಲೆ ಮಲ್ಲಪ್ಪ ಅಂಗವಸ್ತ್ರ ಬೀಸುತ್ತಿದ್ದ. ಹೊತ್ತು ಮೀರುತ್ತ ಬಂದಿತ್ತು.

“ನಡೀತೈತಿ, ನಡೀತೈತಿ, ತಡಿ. ಸಾಧು ಐತಿ ಅದು” ಅಂದರು ನಮ್ಮವರು. ಇಂಜಿನ್ನಿನ ಮೈ ಮೇಲೆ ಕೈ ಇಟ್ಟುಕೊಂಡಿದ್ದರು. ಕೂಗಿ ಹೇಳಿರಲಿಲ್ಲ. ಆ ಸಪ್ಪಳದಲ್ಲೂ ನನಗೆ ಕೇಳಿಸಿತು.

ನನಗೆ ಪಾಪ ಅನ್ನಿಸಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಆದರೆ ಪಾಪ ಅಂದುಕೊಂಡು ಕೂತರೆ ಮದುಮಗ ವಾಪಸು ಬಾಗಲಕೋಟೆಗೆ ಹೋಗುತ್ತಿದ್ದ. ಬಗ್ಗಿ, ಸೀಮೆ ಎಣ್ಣೆಯ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ನಳಿಗೆಗೆ ಒಂದು ಸಣ್ಣ ಕಿವಿ ಇರುತ್ತದೆ, ಅದನ್ನು ತಿರುವಿ ಬಿಗಿದೆ. ಇಂಜಿನ್ ಕೂಡಲೇ ನಿಲ್ಲಲಿಲ್ಲ. ನಳಿಗೆಯಲ್ಲಿದ್ದಷ್ಟು ಎಣ್ಣೆ ಕುಡಿದು, ಕೆಮ್ಮಿ, ನಿಂತಿತು. ನಮ್ಮವರು ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹಿಡಿಕೆ ಬಿಟ್ಟರು. ನಾನು ಹನಮಂತನಿಗೆ, “ಎಬಸೋ ನಿನ್ನ ಹೋರೀನ” ಅಂದೆ. ಅವನು ಹಿಡಿಕೆಯನ್ನು ಓರೆಯಾಗಿ ಹಿಡಿದುಕೊಂಡು ನೆಟ್ಟಗೆ ಓಡಿಸಿದ. ದಂಡೆ ಬಂದೇ ಬಿಟ್ಟಿತು. ಹೀಗೆ ನಮ್ಮ ಬೋಟಿಗೆ ಹೊಸ ಇಂಜಿನ್ ಆರಿಸಿದ್ದು ನಾನು, ಮತ್ತು ನನ್ನ ಗಂಡನನ್ನು ನನ್ನ ಕೈಯಾರೆ ಅಡುಗೆಮನೆಗೆ ವಾಪಸು ಕಳಿಸಿದ್ದೂ ನಾನೇ.

ಅಕ್ಕಿಕಾಳು ತುಸು ತಡವಾಗಿ ಬಿದ್ದವು. ಭಟ್ಟರು ಮುಹೂರ್ತವನ್ನು ಅತ್ತ ಇತ್ತ ಎಳೆದು ಸರಿ ಮಾಡಿದರು. ಬೀಗರು ಊಟದಲ್ಲಿ ನಗುನಗುತ್ತಲೇ ಇದ್ದರು. ಸನಾದಿಯವನೊಬ್ಬ ಮಾತ್ರ ಏನೂ ತಿನ್ನಲಿಲ್ಲ. ಮೀಸೆಯವನು ಊಟದ ಸಾಲಿನಲ್ಲಿ ನಿಂತು ಎಲ್ಲರಿಗೂ ಕೈ ಸುತ್ತಿ ಸುತ್ತಿ ತೋರಿಸಿದ. ಅಜ್ಜಿ ಹೋಗುವಾಗ ನನಗೆ ಒಂದು ಖಣ ಉಡಿ ತುಂಬಿ, “ನಿನ್ನ ಮಗ ಒಬ್ಬನಽ ನಡಸೂದಾದ್ರ ಇನ್ನೊಮ್ಮಿ ಬರತೇನಿ” ಅಂದಳು. ನಾಲ್ಕು ಜನ ಅದನ್ನು ಕೇಳಿದರು. ಬೋಟು ಉಳಿಯಿತು.

ಸಂಜೆ ನಮ್ಮವರು ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ತಂಬಾಕು ತಿಕ್ಕಿದರು. ಸಿಟ್ಟು ಮಾಡುತ್ತಾರೆ, ಬೈಯುತ್ತಾರೆ ಅಂತ ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ನಾಳಿಂದ ಹನಮಂತ ಒಬ್ಬನಽ ಹೋಗ್ಲಿ” ಅಂದರು ಶಾಂತವಾಗಿ. “ಹಗ್ಗಾ ಯಾರರ ಎಸೀತಾರ. ನಂಗೂ ವಯಸ್ಸಾತು. ಮನ್ಯಾಗ ಕೆಲಸ ಭಾಳ ಉಳದಾವು. ಆ ಅಡಗಿಮನಿ ಪೂರಾ ಖಾಲಿ ಮಾಡಿ ಎಲ್ಲಾ ಹೊಸದಾಗಿ ಜೋಡಸ್ಬೇಕು. ನಿನಗಂತೂ ಯಾವುದು ಎಲ್ಲಿ ಐತಿ ಅನ್ನೂದ ತಿಳೀದಂಗ ಆಗೇತಿ.”

ಒಳಗೆ ಶಾಂತಾಳ ಕೈಯಿಂದ ತಾಟು ಬಿದ್ದ ಸಪ್ಪಳ ಕೇಳಿಸಿತು.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ನಾನು ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ದಂಡೆಗೆ ಹೋದೆ. ಶಾಂತಾ ಆಗಲೇ ಬೋಟಿನಲ್ಲಿ ಕೂತಿದ್ದಳು. ಬಾದಾಮಿಯಲ್ಲಿರುವ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಅಂದಳು. ಹೋಗಿ ಬಾ ಅಂದೆ. ಹನಮಂತ ನನ್ನನ್ನು ನೋಡಿ, “ನೀ ಎಲ್ಲಿ ಹೊಂಟಿ?” ಅಂದ. “ಹಗ್ಗಾ ಎಸ್ಯಾಕ” ಅಂದು ಹೋಗಿ, ಎಡಗಡೆಯ ಕೊಳವೆಯ ಮೇಲೆ ಇಂಜಿನ್ ಬಿಚ್ಚಿ ಖಾಲಿಯಾಗಿದ್ದ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತೆ. ಹಾಲಿನವರು ಹತ್ತಿದರು, ಸಾಲಿ ಮಕ್ಕಳು ಹತ್ತಿದರು, ಬೋಟು ಹೊರಟಿತು. ಕೆಂಪು ಇಂಜಿನ್ ನೀರಿನಲ್ಲಿ ಇಳಿದ ಮೇಲೆ ಅಂಥ ಸಪ್ಪಳವೇನೂ ಮಾಡುವುದಿಲ್ಲ, ಜೇನು ಹುಳದಂತೆ ಗುಂಯ್ ಅನ್ನುತ್ತದೆ. ನಾನು ಅವನಿಗೆ ತುಸು ಬಲಕ್ಕೆ ತಗೋ ಅಂದೆ. ಅಷ್ಟು ಬಲಕ್ಕೆ ಬೇಡ ಅಂದೆ. ಹಿಡಿಕೆಯನ್ನು ಹಾಗೆ ಹಿಡಿದರೆ ರಟ್ಟೆ ನೋಯುತ್ತದೆ ಅಂದೆ. ಇಷ್ಟು ಜೋರಾಗಿ ಯಾಕೆ ಬಿಡುತ್ತೀಯಾ, ಹಾಲು ತುಳುಕುತ್ತದೆ ಅಂದೆ.

ನಡುನೀರಿಗೆ ಬಂದಾಗ ಹನಮಂತ ಇಂಜಿನ್ ಸಣ್ಣ ಮಾಡಿ ನನ್ನ ಕಡೆ ತಿರುಗಿದ.

“ಅವ್ವಾ, ಅಪ್ಪ ಇದ್ದಾಗ ಒಂದು ಚಲೋ ಇತ್ತು. ಅವನ ಇಂಜಿನ್ ಸಪ್ಪಳದಾಗ ಅವನ ಮಾತು ಕೇಳಸ್ತಿರ್ಲಿಲ್ಲ.”

ನಾನು ಅವನಿಗೆ ಮುಂದೆ ನೋಡಿ ನಡೆಸು ಅಂದೆ, ಮತ್ತೆ ತುಸು ಎಡಕ್ಕೆ ತಗೋ ಅಂತಲೂ ಅಂದೆ.